ಎರಡನೇ ಭಾಗಕ್ಕೆ ‘ನಾಳೆ ಬಾ’ ಎಂದರೂ ಬೇಸರವಿಲ್ಲ

ಗಾಂಧಿನಗರದ ನಿರ್ಮಾಪಕರಿಗೆ, ನಿರ್ದೇಶಕರಿಗೆ, ಕತೆ ಬರೆಯುವವರಿಗೆ ಕೋಲಾರದಿಂದ ಒಂದು ಬಹಿರಂಗ ಪತ್ರ

ಮಾನ್ಯರೇ,

2025ರ ಜುಲೈ 25ರಂದು ‘ಸು ಫ್ರಮ್ ಸೋ’ ಎಂಬ ನಗಿಸುವ ದೆವ್ವದ ಸಿನಿಮಾ ಬಿಡುಗಡೆಯಾದ ಮೇಲೆ ನಮ್ಮೂರಿನ ಟೀ ಅಂಗಡಿಯಲ್ಲಿ, ಟೊಮೆಟೊ ಮಂಡಿಯಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ ಸಿಕ್ಕಸಿಕ್ಕವರೆಲ್ಲ ಕೇಳಿದ್ದು ಒಂದೇ ಮಾತು, ಇದರ ಎರಡನೇ ಭಾಗ ಯಾವಾಗ ಅಂತ. ಹುಡುಗರಂತೂ ಕತೆಯನ್ನೇ ಕಟ್ಟಿಬಿಟ್ಟಿದ್ದಾರೆ. ಒಬ್ಬ ದೆವ್ವವನ್ನು ದುಬೈಗೆ ಕಳಿಸಿದ್ದಾನೆ. ಇನ್ನೊಬ್ಬ ಆ ಸಿನಿಮಾದ ರವಿಯಣ್ಣನಿಗೇ ಮೈಮೇಲೆ ಬರಿಸಿದ್ದಾನೆ. ಇಷ್ಟು ಆಸೆ ಕಂಡರೆ ದುಡ್ಡು ಹಾಕುವವರಿಗೆ ಕೈ ಕಡಿಯುವುದು ಸಹಜ.

ಬೇಗ ಮಾಡಿ ಎಂದು ಒತ್ತಾಯ ಮಾಡಲು ನಾನು ಈ ಪತ್ರ ಬರೆಯುತ್ತಿಲ್ಲ. ಎಷ್ಟು ತಡವಾದರೂ ಸರಿ, ಕ್ಯಾಮೆರಾ ಇಡುವ ಮೊದಲು ಕೆಲವು ಪ್ರಶ್ನೆಗಳನ್ನು ನಿಮ್ಮ ಸ್ಕ್ರಿಪ್ಟಿಗೆ ಕೇಳಿ ನೋಡಿ ಎಂದು ವಿನಂತಿಸಲು ಬರೆಯುತ್ತಿದ್ದೇನೆ. ಪ್ರಶ್ನೆಗಳು ನನ್ನವಲ್ಲ, ನಮ್ಮ ಹಳ್ಳಿಗಳಲ್ಲಿ ಗಾಳಿ ಬಿಡಿಸುವವರದು. ಅದಕ್ಕೆ ಆಮೇಲೆ ಬರುತ್ತೇನೆ.

ಈ ಕೋಲಾರದವನಿಗೆ ಏನು ಅರ್ಹತೆ ಎಂದು ನೀವು ಕೇಳಬಹುದು. ಸ್ವಾಮಿ, ನಾವು ಮೂರು ಭಾಷೆಯಲ್ಲಿ ಹೆದರಿದ ಜನ. ಊರಲ್ಲಿ ಕನ್ನಡ, ಮುಳಬಾಗಿಲು ಶ್ರೀನಿವಾಸಪುರದ ಗಡಿಯಲ್ಲಿ ತೆಲುಗು, ಕೆ.ಜಿ.ಎಫ್. ಕಡೆ ತಮಿಳು. ‘ಆಪ್ತಮಿತ್ರ’ವನ್ನು ಕನ್ನಡದಲ್ಲಿ ನೋಡಿ ಬೆವರಿದವರೇ ಮರುವರ್ಷ ಅದೇ ಕತೆಯ ತಮಿಳು ‘ಚಂದ್ರಮುಖಿ’ಯನ್ನೂ ನೋಡಿ ಬೆವರಿದೆವು. ಕತೆ ಗೊತ್ತಿತ್ತು, ಹಾಡು ಎಲ್ಲಿ ಬರುತ್ತದೆ ಎಂಬುದೂ ಗೊತ್ತಿತ್ತು, ಆದರೂ ಹೆದರಿದೆವು. ದೆವ್ವದ ಸಿನಿಮಾದ ವಿಷಯದಲ್ಲಿ ನಮ್ಮ ಜಿಲ್ಲೆಗೆ ಅಷ್ಟಾದರೂ ಸರ್ವಿಸ್ ಇದೆ.

‘ನಾಳೆ ಬಾ’ ಕತೆ ನಿಮಗೂ ಗೊತ್ತಿರುತ್ತದೆ. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಸುತ್ತ ಹಬ್ಬಿದ ಗುಲ್ಲು ಅದು. ರಾತ್ರಿ ಹೊತ್ತು ಒಂದು ಹೆಣ್ಣು ದೆವ್ವ ಮನೆಯವರದೇ ದನಿಯಲ್ಲಿ ಕರೆಯುತ್ತದೆ, ಬಾಗಿಲು ತೆಗೆದರೆ ಮುಗೀತು. ಅದಕ್ಕೇ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುವುದು, ದೆವ್ವ ಓದಿಕೊಂಡು ಹಿಂದಿರುಗುವುದು, ಮರುದಿನ ಬಂದು ಮತ್ತೆ ಅದನ್ನೇ ಓದುವುದು. ನಮ್ಮ ಬೀದಿಯಲ್ಲಿ ಸುಣ್ಣದಲ್ಲಿ ಬರೆದವರಿದ್ದರು, ಇದ್ದಿಲಲ್ಲಿ ಗೀಚಿದವರಿದ್ದರು. ಗಡಿ ಊರಿನ ನೆಂಟರ ಮನೆಗೆ ಹೋದರೆ ಅಲ್ಲಿ ತೆಲುಗಿನಲ್ಲಿ ‘ರೇಪು ರಾ’. ನಮ್ಮ ಕಡೆ ತಿರುಗಾಡುವ ದೆವ್ವಕ್ಕೆ ಎರಡು ಲಿಪಿ ಬರಲೇಬೇಕಿತ್ತು. ನಮ್ಮ ಮನೆಯ ಬಾಗಿಲಿಗೆ ಬರೆಯುವ ಕೆಲಸ ನನಗೇ ಬಿತ್ತು, ಮನೆಯಲ್ಲಿ ಅಕ್ಷರ ದುಂಡಗಿದ್ದದ್ದು ನನ್ನದು ಮಾತ್ರ.

ಇಷ್ಟು ಚೆಂದದ, ಹೆದರಿಕೆಯೂ ನಗುವೂ ಒಟ್ಟಿಗೇ ಇರುವ ಸರಕು ನಮ್ಮ ಬಾಗಿಲ ಮೇಲೇ ಇತ್ತು. ಅದನ್ನು ಎತ್ತಿಕೊಂಡವರು ಹಿಂದಿಯವರು. 2018ರ ‘ಸ್ತ್ರೀ’ ಮಧ್ಯಪ್ರದೇಶದ ಚಂದೇರಿಯಲ್ಲಿ ನಡೆಯುತ್ತದೆ. ಗೋಡೆಗಳ ಮೇಲೆ ‘ಓ ಸ್ತ್ರೀ ಕಲ್ ಆನಾ’ ಎಂದಿರುತ್ತದೆ. ನೋಡುತ್ತಾ ನಮಗೆ ನಮ್ಮದೇ ಬೀದಿ ಕಾಣಿಸಿತು. ಅವರ ಮೇಲೆ ನನಗೆ ಸಿಟ್ಟಿಲ್ಲ, ಬಿದ್ದದ್ದನ್ನು ಎತ್ತಿಕೊಂಡರು, ಒಳ್ಳೆ ಸಿನಿಮಾ ಮಾಡಿದರು. ಹೊಟ್ಟೆಕಿಚ್ಚು ಮಾತ್ರ ಇದೆ.

ಈಗ ಗಾಳಿ ಬಿಡಿಸುವವರ ವಿಷಯ. ಮುಳಬಾಗಿಲು ತಾಲ್ಲೂಕಿನ ನಮ್ಮ ಅಜ್ಜಿಯ ಊರಲ್ಲಿ ಹೊಸದಾಗಿ ಬಂದ ಸೊಸೆಯೊಬ್ಬಳಿಗೆ ಗಾಳಿ ಮೆಟ್ಟಿಕೊಂಡಿದೆ ಎಂದರು. ಹಜಾರದಲ್ಲಿ ಕೂರಿಸಿದರು. ಬೇವಿನ ಸೊಪ್ಪು, ನಿಂಬೆಹಣ್ಣು, ಕೆಂಡದ ಮೇಲೆ ಸುರಿದ ಒಣ ಮೆಣಸಿನಕಾಯಿಯ ಘಾಟು. ಬಾಗಿಲಲ್ಲಿ, ಕಿಟಕಿಯಲ್ಲಿ, ಜಗುಲಿಯಲ್ಲಿ ಊರಿಗೆ ಊರೇ ನಿಂತಿತ್ತು. ಬಿಡಿಸುವವನು ಸಾವಕಾಶವಾಗಿ ಶುರು ಮಾಡಿದ. ಯಾರು ನೀನು? ಯಾವೂರು? ಯಾಕೆ ಬಂದೆ? ಹೆಸರು ಬಂತು, ಕೆರೆಗೆ ಬಿದ್ದು ಸತ್ತಿದ್ದ ಯಾವಳೋ ಹೆಂಗಸಿನದು. ಏನು ಬೇಕು ಎಂದ. ಮುದ್ದೆ, ನಾಟಿ ಕೋಳಿ ಸಾರು ಎಂದಳು. ಅಲ್ಲಿಗೆ ನಿಲ್ಲಲಿಲ್ಲ. ಅತ್ತೆಯ ಕಡೆಗೆ ಕೈ ಮಾಡಿ, ‘ಹೋದ ಯುಗಾದಿಗೆ ಎಲ್ಲರಿಗೂ ಒಬ್ಬಟ್ಟು ಇಕ್ಕಿ ನನಗೆ ತಳ ಹಿಡಿದ ಅನ್ನ ಇಕ್ಕಿದಳು ಈ ಮುದುಕಿ’ ಎಂದು ಅರಚಿದಳು. ಬಾಗಿಲಲ್ಲಿ ನಿಂತಿದ್ದ ಒಬ್ಬ ಅಜ್ಜಿ ಪಕ್ಕದವಳಿಗೆ, ‘ಅಲ್ಲ ಕಣೇ, ಇದು ಸತ್ತು ಎಷ್ಟೋ ವರ್ಷ ಆಯ್ತಲ್ಲ, ಹೋದ ಯುಗಾದಿ ಊಟ ಇದಕ್ಕೆ ಹೆಂಗೆ ಗೊತ್ತು?’ ಅಂದಳು. ಮೆಲ್ಲಗೆ ಅಂದದ್ದೇ, ಆದರೆ ಎಲ್ಲರಿಗೂ ಕೇಳಿಸಿತು. ಮಕ್ಕಳು ಕಿಸಕ್ಕನೆ ನಕ್ಕವು. ಅತ್ತೆಯ ಮುಖ ನೋಡಬೇಕಿತ್ತು. ಕೊನೆಯ ಪ್ರಶ್ನೆ ಬಂತು: ಕೇಳಿದ್ದು ಕೊಟ್ಟರೆ ಹೋಗ್ತೀಯಾ? ಹೋಗ್ತೀನಿ ಎಂದಳು. ಆ ರಾತ್ರಿ ಕೋಳಿ ಕುಯ್ದರು. ಗಾಳಿ ಮತ್ತೆ ಬರಲಿಲ್ಲ.

ನಿಮ್ಮ ಎರಡನೇ ಭಾಗವನ್ನೂ ಹೀಗೆ ಹಜಾರದಲ್ಲಿ ಕೂರಿಸಿ ಎನ್ನುವುದೇ ನನ್ನ ಕೋರಿಕೆ. ಯಾರು ನೀನು, ಯಾವೂರು ಎಂದರೆ ಸುಲಭವಾಗಿ ಉತ್ತರ ಬರುತ್ತದೆ, ಹಳೇ ಪೋಸ್ಟರ್ ಇದೆಯಲ್ಲ. ಯಾಕೆ ಬಂದೆ ಎಂದು ಗದರಿಸಿ ಕೇಳಿ. ಮೊದಲನೆಯದು ನೂರು ಕೋಟಿ ದಾಟಿತು, ಅದಕ್ಕೇ ಬಂದೆ ಎಂದರೆ ಬೇವಿನ ಸೊಪ್ಪು ಇನ್ನೂ ನಾಲ್ಕು ಬಾರಿಸಿ.

‘ಸು ಫ್ರಮ್ ಸೋ’ ನಮ್ಮೂರಲ್ಲಿ ಓಡಿದ್ದು ಯಾಕೆ ಅಂತ ನೋಡಿ. ದೊಡ್ಡ ಸ್ಟಾರ್ ಇಲ್ಲ. ಭಾಷೆ ಕರಾವಳಿಯದು. ‘ಎಂತ ಮಾರಾಯ’ ಎಂಬುದೆಲ್ಲ ನಮ್ಮ ನಾಲಿಗೆಗೆ ಹೊರಳದು, ನಮ್ಮದು ‘ಏನಪ್ಪೋ’. ಮೊದಲ ಹತ್ತು ನಿಮಿಷ ಪಕ್ಕದ ಸೀಟಿನವರು ‘ಏನಂದ, ಏನಂದ’ ಎಂದು ಕೇಳುತ್ತಲೇ ಇದ್ದರು. ಆಮೇಲೆ ಕೇಳುವುದನ್ನು ಬಿಟ್ಟರು, ನಗಲು ಶುರು ಮಾಡಿದರು. ಮಾಡಬಾರದ್ದು ಮಾಡಲು ಹೋಗಿ ಸಿಕ್ಕಿಬಿದ್ದ ಹುಡುಗ ತಪ್ಪಿಸಿಕೊಳ್ಳಲು ದೆವ್ವ ಬಂದವನಂತೆ ನಟಿಸುತ್ತಾನೆ, ಊರು ಅದನ್ನು ನಂಬಿ ಅವನ ಕೈ ಮೀರಿಸುತ್ತದೆ. ಸೋಮೇಶ್ವರದ ಸುಲೋಚನಾ ಎಂಬ ಹೆಸರಿನ ಸುತ್ತ ಇಡೀ ಮರ್ಲೂರು ಕುಣಿಯುತ್ತದೆ. ದೆವ್ವಕ್ಕಿಂತ ಜಾಸ್ತಿ ಕೆಲಸ ಮಾಡಿದ್ದು ಊರಿನವರು. ಗುರೂಜಿಯ ವೇಷದ ರಾಜ್ ಬಿ. ಶೆಟ್ಟಿ ಬಂದಾಗ ಶಿಳ್ಳೆ ಬಿದ್ದದ್ದು ನಿಜ. ಆದರೆ ಮನೆಗೆ ಹೋಗುತ್ತಾ ಜನ ಮಾತಾಡಿದ್ದು ರವಿಯಣ್ಣನ ಬಗ್ಗೆ. ಅಂಥವನೊಬ್ಬ ಪ್ರತಿ ಊರಲ್ಲೂ ಇರುತ್ತಾನೆ. ಕೋಲಾರದಲ್ಲಿ ಬೀದಿಗೊಬ್ಬ.

ಎರಡನೇ ಭಾಗ ಬಂದರೆ ದೆವ್ವವನ್ನು ದೊಡ್ಡದು ಮಾಡಲು ಹೋಗಬೇಡಿ ಎಂದು ನಾನು ಹೇಳುವುದು ಇದಕ್ಕೇ. ಗ್ರಾಫಿಕ್ಸಿಗೆ ಸುರಿಯುವ ದುಡ್ಡಲ್ಲಿ ಇನ್ನೂ ನಾಲ್ಕು ಜನ ಒಳ್ಳೆ ನಾಟಕದವರನ್ನು ಕರೆದುಕೊಳ್ಳಿ.

ಈ ಮಾತಿಗೆ ಸಾಕ್ಷಿಯಾಗಿ ದೂರದ ಒಂದು ಸಿನಿಮಾ ಹೇಳುತ್ತೇನೆ. 1988ರಲ್ಲಿ ಅಮೆರಿಕದ ಟಿಮ್ ಬರ್ಟನ್ ‘ಬೀಟಲ್‌ಜ್ಯೂಸ್’ ಎಂಬ ಚಿತ್ರ ಮಾಡಿದರು. ಗಂಡ ಹೆಂಡತಿ ಇಬ್ಬರೂ ಅಪಘಾತದಲ್ಲಿ ಸತ್ತು ತಮ್ಮದೇ ಮನೆಯಲ್ಲಿ ದೆವ್ವವಾಗುತ್ತಾರೆ. ಆ ಮನೆಯನ್ನು ನಗರದವರು ಕೊಂಡು ಬಂದು ಸೇರುತ್ತಾರೆ. ಈ ಬಡಪಾಯಿ ದೆವ್ವಗಳಿಗೆ ಹೆದರಿಸುವುದಕ್ಕೇ ಬರುವುದಿಲ್ಲ! ಹೊಸಬರನ್ನು ಓಡಿಸಲು ಇನ್ನೊಬ್ಬ ಪೋಕರಿ ದೆವ್ವದ ಸಹಾಯ ಕೇಳಬೇಕಾಗುತ್ತದೆ, ಅವನ ಹೆಸರನ್ನು ಮೂರು ಸಲ ಹೇಳಿದರೆ ಪ್ರತ್ಯಕ್ಷ. ಆ ಪೋಕರಿಯಾಗಿ ಮೈಕೆಲ್ ಕೀಟನ್. ಸಿನಿಮಾದ ಹೆಸರೇ ಅವನದು, ಆದರೆ ಇಡೀ ಚಿತ್ರದಲ್ಲಿ ಅವನು ತೆರೆಯ ಮೇಲೆ ಇರುವುದು ಸುಮಾರು 17 ನಿಮಿಷ. ಉಳಿದ ಹೊತ್ತೆಲ್ಲ ಆ ಮನೆಯ ಮನುಷ್ಯರದೇ ರಾಮಾಯಣ. ಮೇಕಪ್ಪಿಗೆ ಆಸ್ಕರ್ ಬಂತು.

ಗೆದ್ದ ಬಿಸಿಯಲ್ಲೇ ಅವರಿಗೂ ಎರಡನೇ ಭಾಗದ ಆಸೆ ಹುಟ್ಟಿತು. ದೆವ್ವವನ್ನು ಹವಾಯಿ ದ್ವೀಪಕ್ಕೆ ಕರೆದೊಯ್ಯುವ ಸ್ಕ್ರಿಪ್ಟೇ ತಯಾರಾಗಿತ್ತು. ಸಮುದ್ರ ತೀರದಲ್ಲಿ ದೆವ್ವ! ದುಬೈ ಟಿಕೆಟ್ ತೆಗೆಸಿದ ನಮ್ಮ ಹುಡುಗ ಒಬ್ಬನೇ ಅಲ್ಲ ಎಂದು ಗೊತ್ತಾಗಿ ನನಗೆ ಸಮಾಧಾನವಾಯಿತು. ಪುಣ್ಯಕ್ಕೆ ಆ ಸಿನಿಮಾ ಆಗಲಿಲ್ಲ. ಎರಡನೇ ಭಾಗ ಬಂದದ್ದು 2024ರ ಸೆಪ್ಟೆಂಬರ್ 6ರಂದು, 36 ವರ್ಷದ ಮೇಲೆ. ಮೊದಲ ಚಿತ್ರದಲ್ಲಿ ಮುಖ ಗಂಟಿಕ್ಕಿಕೊಂಡು ಕಪ್ಪು ಬಟ್ಟೆ ತೊಟ್ಟು ಓಡಾಡುತ್ತಿದ್ದ ಹುಡುಗಿಯ ಪಾತ್ರ ಮಾಡಿದ್ದ ವಿನೋನಾ ರೈಡರ್, ಇಲ್ಲಿ ಟಿವಿಯಲ್ಲಿ ದೆವ್ವದ ಕಾರ್ಯಕ್ರಮ ನಡೆಸುವ ತಾಯಿ. ಅವಳ ಮಗಳಿಗೆ ಅಮ್ಮನ ದೆವ್ವದ ಮಾತು ಕೇಳಿದರೆ ಆಗದು. ಮನೆಯ ಹಿರಿಯ ಸತ್ತಿದ್ದಾನೆ, ಎಲ್ಲರೂ ಹಳೇ ಮನೆಗೆ ಬರಬೇಕಾಗಿದೆ. ಯಾಕೆ ಬಂದೆ ಎಂದು ಕೇಳಿ ನೋಡಿ, ಥಟ್ಟನೆ ಉತ್ತರ ಹೇಳುವ ಕತೆ ಇದು. ತಿಥಿಗೆ ಬಂದೆ. ಇಂಥ ಕಾರಣ ಕೋಲಾರದಲ್ಲೂ ನಡೆಯುತ್ತದೆ, ಬಿಟ್ಟುಹೋದ ಮನೆಗೆ ಜನ ಒಟ್ಟಿಗೆ ಬರುವುದು ನಮ್ಮಲ್ಲೂ ಸಾವಿಗೆ ಮತ್ತು ಆಸ್ತಿಗೆ.

ಅದು ಪೂರ್ತಿ ಸರಿಯಾಗಿದೆ ಎಂದೇನೂ ನಾನು ಹೇಳುವುದಿಲ್ಲ. ಮೋನಿಕಾ ಬೆಲುಚಿಯಂಥ ನಟಿಯನ್ನು ಭಯಂಕರವಾಗಿ ಎಬ್ಬಿಸಿ, ಆಮೇಲೆ ಅವಳಿಗೆ ಏನು ಕೆಲಸ ಕೊಡುವುದೆಂದು ತಿಳಿಯದೆ ಮೂಲೆಗೆ ತಳ್ಳಿದ್ದಾರೆ. ಉಪಕತೆಗಳು ಒಂದರ ಕಾಲು ಒಂದು ತುಳಿಯುತ್ತವೆ. ಆದರೆ ಕೈಯಲ್ಲಿ ಮಾಡಿದ ಗೊಂಬೆ, ಮುಖವಾಡ, ಬಣ್ಣ ಇವನ್ನೆಲ್ಲ ಹಳೇ ಚಿತ್ರದಂತೆಯೇ ಉಳಿಸಿಕೊಂಡರು. ಸುಮಾರು 45 ಕೋಟಿ ಡಾಲರ್ ಗಳಿಸಿದ ಚಿತ್ರ ಅದು. ತಡ ಮಾಡಿದರೆ ಜನ ಮರೆತುಬಿಡುತ್ತಾರೆ ಎಂದು ಮೀಟಿಂಗಿನಲ್ಲಿ ಯಾರಾದರೂ ಹೆದರಿಸಿದರೆ ಈ ಲೆಕ್ಕ ಹೇಳಿ.

ಇನ್ನು ‘ಆಪ್ತಮಿತ್ರ’ದ ದೆವ್ವ, ನಮ್ಮ ನಾಗವಲ್ಲಿ. ಇಲ್ಲಿ ನನಗೆ ಸ್ವಲ್ಪ ಭಾರವಾಗುತ್ತದೆ. ಆ ಚಿತ್ರದಲ್ಲಿ ಗಂಗಾ ಆಗಿದ್ದ ನಟಿ ಸೌಂದರ್ಯ ನಮ್ಮ ಮುಳಬಾಗಿಲಿನವರು. ತೆಲುಗಿನವರು ಅವರನ್ನು ತಮ್ಮವಳೆಂದುಕೊಂಡರು, ತಮಿಳಿನವರೂ ಮೆಚ್ಚಿದರು, ನಾವು ಮಾತ್ರ ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ ‘ಅವರು ನಮ್ಮ ಜಿಲ್ಲೆಯವರು’ ಎಂದು ಹೇಳಿಕೊಂಡೇ ಬಂದೆವು. 2004ರ ಏಪ್ರಿಲ್ 17ರಂದು ವಿಮಾನ ಅಪಘಾತದಲ್ಲಿ ಅವರು ಹೋದರು. ‘ಆಪ್ತಮಿತ್ರ’ ತೆರೆಗೆ ಬಂದದ್ದು ಆಗಸ್ಟ್ 27ಕ್ಕೆ. ಗಂಗಾ ನಾಗವಲ್ಲಿಯಾಗಿ ಕಣ್ಣರಳಿಸಿದಾಗ ಟಾಕೀಸಿನಲ್ಲಿ ಹೆದರಿದವರಿಗಿಂತ ಅತ್ತವರೇ ಹೆಚ್ಚು. ಅದರ ಮುಂದುವರಿಕೆ ‘ಆಪ್ತರಕ್ಷಕ’ ಬರುವ ಹೊತ್ತಿಗೆ, 2009ರ ಡಿಸೆಂಬರ್ 30ರಂದು ವಿಷ್ಣುವರ್ಧನ್ ಹೋದರು. ಅವರ ಇನ್ನೂರನೇ ಚಿತ್ರ ಅದು, 2010ರ ಫೆಬ್ರುವರಿ 19ರಂದು ಬಿಡುಗಡೆಯಾಯಿತು. ಕೋಮಲ್ ಅವರ ಹಾಸ್ಯಕ್ಕೆ ಹೊಟ್ಟೆ ಹಿಡಿದು ನಕ್ಕು, ಮರುಕ್ಷಣ ಯಜಮಾನರ ಮುಖ ಕಂಡು ಕಣ್ಣೊರೆಸಿಕೊಂಡ ಪ್ರೇಕ್ಷಕರನ್ನು ನಾನು ನೋಡಿದ್ದೇನೆ. ಕಟೌಟಿಗೆ ಹಾರ ಹಾಕುತ್ತಿದ್ದವರ ಕೈ ನಡುಗುತ್ತಿತ್ತು.

ಆಗ ಹುಟ್ಟಿದ ನಾಗವಲ್ಲಿಯ ಶಾಪದ ಗುಲ್ಲು ನೀವೂ ಕೇಳಿದ್ದೀರಿ. ಪಾತ್ರ ಮುಟ್ಟಿದವರು ಉಳಿಯುವುದಿಲ್ಲವಂತೆ, ಚಿತ್ರಪಟದಲ್ಲೇ ಏನೋ ಇದೆಯಂತೆ ಎಂದೆಲ್ಲ. ನನ್ನ ಎರಡನೇ ಕೋರಿಕೆ ಇದು, ಇದರಲ್ಲಿ ತಮಾಷೆ ಇಲ್ಲ. ಎರಡನೇ ಭಾಗದ ಪ್ರಚಾರಕ್ಕೆ ಇಂಥ ಮಾತು ಬಳಸಬೇಡಿ. ಸೆಟ್ಟಿನಲ್ಲಿ ಲೈಟು ತಾನಾಗಿ ಆರಿತು, ರಾತ್ರಿ ಗೆಜ್ಜೆ ಸದ್ದು ಕೇಳಿತು ಎಂದು ಪ್ರೆಸ್‌ಮೀಟಿನಲ್ಲಿ ಹೇಳಿದರೆ ನಕ್ಕು ಸುಮ್ಮನಾಗುತ್ತೇವೆ. ಸತ್ತವರ ಹೆಸರಿನಲ್ಲಿ ಟಿಕೆಟ್ ಹರಿಯಬೇಡಿ. ಅವರ ಮನೆಯವರು ಇನ್ನೂ ಇದ್ದಾರೆ, ಊರೂ ಇದೆ.

ಈ ಎರಡೂ ಚಿತ್ರಗಳ ನಿರ್ದೇಶಕ ಪಿ. ವಾಸು ಅವರೇ ‘ಆಪ್ತರಕ್ಷಕ’ವನ್ನು ವೆಂಕಟೇಶ್ ಅವರನ್ನಿಟ್ಟು ತೆಲುಗಿನಲ್ಲಿ ‘ನಾಗವಲ್ಲಿ’ ಮಾಡಿದರು. 2023ರಲ್ಲಿ ತಮಿಳಿನಲ್ಲಿ ‘ಚಂದ್ರಮುಖಿ 2’ ಮಾಡಿದರು. ರಜನೀಕಾಂತರ ಚಿತ್ರ ಬಂದು 18 ವರ್ಷವಾಗಿತ್ತು, ಕಾದದ್ದು ಕಮ್ಮಿಯೇನಲ್ಲ. ಆದರೆ ಮತ್ತೆ ಅದೇ ಬೀಗ ಹಾಕಿದ ಕೋಣೆ, ಅದೇ ಹಠದ ನರ್ತಕಿ, ಅದೇ ರಾಜ. ಅಂದರೆ ಬರೀ ಕಾಯಿಸಿದರೂ ಆಗುವುದಿಲ್ಲ. ಇಷ್ಟು ವರ್ಷ ಎಲ್ಲಿದ್ದೆ ಎಂದು ಕೇಳಿದರೆ ಹೇಳಲು ಕತೆಗೆ ಏನಾದರೂ ಇರಬೇಕಲ್ಲವೇ? ‘ಆಪ್ತಮಿತ್ರ’ದ ಕತೆಯದೇ ಹಿಂದಿ ಚಿತ್ರ ‘ಭೂಲ್ ಭುಲಯ್ಯಾ’ 15 ವರ್ಷದ ಮೇಲೆ 2022ರಲ್ಲಿ ಎರಡನೇ ಭಾಗವಾಗಿ ಬಂದಾಗ ಹೀರೊ ಬದಲಾಗಿದ್ದ, ದೆವ್ವದ ಕತೆ ಬದಲಾಗಿತ್ತು, ಹಳಬರಲ್ಲಿ ಉಳಿದವನು ರಾಜ್‌ಪಾಲ್ ಯಾದವ್ ಮಾಡಿದ ಛೋಟಾ ಪಂಡಿತ. ಹೀರೊ ಇಲ್ಲದಿದ್ದರೂ ನಡೆಯುತ್ತದೆ, ಮೈಗೆ ಬಣ್ಣ ಬಳಿದುಕೊಂಡು ಬೈಯುವ ಆ ಪಂಡಿತ ಬೇಕು ಎಂದು ಅವರಿಗೂ ಗೊತ್ತಾಗಿದೆ.

‘ಸ್ತ್ರೀ 2’ 2024ರ ಆಗಸ್ಟ್ 15ಕ್ಕೆ ಬಂತು, ಐನೂರು ಕೋಟಿ ದಾಟಿತು. ಅದು ಗೆದ್ದದ್ದರಲ್ಲಿ ನ್ಯಾಯವಿದೆ. ಮೊದಲ ಚಿತ್ರದಲ್ಲಿ ಕತ್ತಲಾದರೆ ಗಂಡಸರು ಮನೆ ಸೇರಿಕೊಳ್ಳುತ್ತಿದ್ದರು, ಹೆಂಗಸರು ನಿರಾಳ. ಎರಡನೆಯದರಲ್ಲಿ ರುಂಡ ಬೇರೆ ಮುಂಡ ಬೇರೆಯಾದ ಒಬ್ಬ ಬಂದು, ಹೊಸ ಕಾಲದ ರೀತಿ ಬದುಕುವ ಹೆಣ್ಣುಮಕ್ಕಳನ್ನೇ ಹೊತ್ತೊಯ್ಯುತ್ತಾನೆ. ಯಾಕೆ ಬಂದೆ ಎಂಬ ಪ್ರಶ್ನೆಗೆ ಇದಕ್ಕಿಂತ ಸರಿಯಾದ ಉತ್ತರ ಬೇಕೇ? ಊರಲ್ಲಿ ಅಂಥ ರುಂಡವಿಲ್ಲದವರು ತುಂಬ ಇದ್ದಾರೆ. ಕೊನೆಗೆ ಮಾತ್ರ ಪಕ್ಕದ ಸಿನಿಮಾ ‘ಭೇಡಿಯಾ’ದ ತೋಳ ಬಂದು ಹೊಡೆದಾಡುತ್ತದೆ, ಅಕ್ಷಯ್ ಕುಮಾರ್ ತಲೆ ತೋರಿಸುತ್ತಾರೆ, ಮುಂದಿನದಕ್ಕೆ ಈಗಲೇ ಸೀಟು ಹಿಡಿದಿಡಿ ಎಂಬಂತೆ ಮುಗಿಯುತ್ತದೆ. ಕೇಳಿದ್ದು ಕೊಟ್ಟರೆ ಹೋಗ್ತೀಯಾ ಎಂದರೆ, ಹೋಗಲ್ಲ, ಅಣ್ಣ ತಮ್ಮಂದಿರನ್ನೂ ಕರೆದುಕೊಂಡು ಬರ್ತೀನಿ ಎನ್ನುವ ದೆವ್ವ ಇದು. ಇದಕ್ಕೆ ಯೂನಿವರ್ಸ್ ಎನ್ನುತ್ತಾರಂತೆ. ಕನ್ನಡಕ್ಕೆ ದಯವಿಟ್ಟು ಬೇಡ. ಒಂದು ಊರು ಸಾಕು.

ಎರಡು ಭಾಗದ ರುಚಿ ನಮ್ಮ ಜಿಲ್ಲೆಗೆ ಗೊತ್ತಿಲ್ಲವೆಂದೇನೂ ತಿಳಿಯಬೇಡಿ. 2001ರಲ್ಲಿ ಕೆ.ಜಿ.ಎಫ್.ನ ಚಿನ್ನದ ಗಣಿ ಮುಚ್ಚಿದ ಮೇಲೆ ಯಾರೂ ತಿರುಗಿ ನೋಡದಿದ್ದ ಸೈನೈಡ್ ದಿಬ್ಬದ ಮೇಲೆ ಸೆಟ್ ಹಾಕಿ, ನಮ್ಮೂರ ಹೆಸರನ್ನು ದೇಶಕ್ಕೆಲ್ಲ ಕೇಳಿಸಿದ ಸಿನಿಮಾ 2018ರಲ್ಲಿ ಒಂದು ಭಾಗ, 2022ರಲ್ಲಿ ಇನ್ನೊಂದು ಭಾಗ ಬಂತು. ಅಲ್ಲಿ ಕತೆಯನ್ನು ಅರ್ಧಕ್ಕೆ ನಿಲ್ಲಿಸಿ ಮಿಕ್ಕದ್ದು ಆಮೇಲೆ ಎಂದಿದ್ದರು, ಬಾಕಿ ಇತ್ತು, ತೀರಿಸಿದರು. ‘ಸು ಫ್ರಮ್ ಸೋ’ ಹಾಗಲ್ಲ, ಅದು ಮುಗಿದ ಕತೆ. ನೀವು ನಮಗೇನೂ ಬಾಕಿ ಉಳಿಸಿಕೊಂಡಿಲ್ಲ. ಮನಸ್ಸಿಗೆ ಬಂದರೆ ಮಾಡಿ, ಇಲ್ಲದಿದ್ದರೆ ಬೇರೆ ಊರಿನ ಬೇರೆ ದೆವ್ವದ ಸಿನಿಮಾ ಮಾಡಿ, ಅದಕ್ಕೂ ಇಷ್ಟೇ ಜನ ಬರುತ್ತೇವೆ. ಬಯಲುಸೀಮೆಗೂ ಒಂದು ಸಲ ಬನ್ನಿ. ಹುಣಸೆ ತೋಪುಗಳಿವೆ, ಬತ್ತಿದ ಕೆರೆಗಳಿವೆ, ಬೋರು ಎಷ್ಟು ಅಡಿ ಕೊರೆದರೆ ನೀರು ಸಿಗುತ್ತದೆ ಎಂದು ದೆವ್ವವನ್ನೇ ಕೇಳುವ ರೈತರಿದ್ದಾರೆ.

ಎರಡನೇ ಭಾಗವೇ ಸೈ ಎಂದು ತೀರ್ಮಾನಿಸಿದರೆ, ಭಾಷೆಯನ್ನು ಮಾತ್ರ ಮೆತ್ತಗೆ ಮಾಡಬೇಡಿ. ಮೊದಲನೆಯದು ತೆಲುಗು, ಮಲಯಾಳಂಗೂ ಹೋಯಿತು ಎಂದು, ಎಲ್ಲರಿಗೂ ಅರ್ಥವಾಗುವ ಯಾರದೂ ಅಲ್ಲದ ಕನ್ನಡ ಬರೆಸಬೇಡಿ. ನಮಗೆ ಅರ್ಥವಾಗದಿದ್ದರೆ ಪಕ್ಕದವರನ್ನು ಕೇಳಿಕೊಳ್ಳುತ್ತೇವೆ.

ಕೊನೆಯದಾಗಿ ಉದ್ದದ ಮಾತು. ಆ ‘ಬೀಟಲ್‌ಜ್ಯೂಸ್’ 36 ವರ್ಷ ಕಾಯಿಸಿದರೂ ಎರಡು ಗಂಟೆಯೊಳಗೆ ಮುಗಿಯುತ್ತದೆ. ನೀವು ಎರಡೂಕಾಲು ತೆಗೆದುಕೊಳ್ಳಿ, ಮೂರು ಗಂಟೆ ಎಳೆಯಬೇಡಿ. ಸೆಕೆಂಡ್ ಷೋ ಬಿಟ್ಟ ಮೇಲೆ ಹಳ್ಳಿಯ ಕಡೆ ಬಸ್ಸು ಸಿಗುವುದಿಲ್ಲ, ದೆವ್ವದ ಸಿನಿಮಾ ನೋಡಿಕೊಂಡು ಹುಣಸೆ ಮರದ ರಸ್ತೆಯಲ್ಲಿ ಬೈಕಿನ ಹಿಂದೆ ಕೂತು ಹೋಗುವವರು ನಾವು, ನೀವಲ್ಲ.

ಇಂತಿ,
ಟಿಕೆಟ್ ಕೊಂಡೇ ನೋಡುವ ಕೋಲಾರದ ಒಬ್ಬ ಪ್ರೇಕ್ಷಕ